ಸಾಧ್ಯತೆ ಸಾಹೇಬರ ಮುನ್ನೋಟ

ಪತ್ರಿಕಾ ಕಚೇರಿಯ ಎರಡನೇ ಮಹಡಿಯಲ್ಲಿ, ನೀರಿನ ಕ್ಯಾನಿನ ಪಕ್ಕ ಕೂರುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕಚೇರಿಗೆಲ್ಲ ಅವರು ಸಾಧ್ಯತೆ ಸಾಹೇಬರು. ಕ್ರೀಡಾಪುಟದಲ್ಲಿ ಅವರದೊಂದು ಅಂಕಣ, ಅದಕ್ಕೆ ‘ಮುನ್ನೋಟ’ ಎಂದು ಹೆಸರು. ಮೇಲೆ ಅಂಚೆಚೀಟಿಯಷ್ಟು ಅಗಲದ ಅವರ ಫೋಟೋ, ತಲೆಯಲ್ಲಿ ಕೂದಲಿದ್ದ ಕಾಲದ್ದು. ಯಾವ ಆಟದ ಯಾವ ಟೂರ್ನಿ ಇರಲಿ, ಹಿಂದಿನ ದಿನ ಸಾಹೇಬರ ಮುನ್ನೋಟ ಬರಬೇಕು. ಬಂದ ಮುನ್ನೋಟದಲ್ಲಿ ‘ಗೆಲ್ಲುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ’ ಎಂಬ ಮಾತು ಕನಿಷ್ಠ ನಾಲ್ಕು ಕಡೆ ಇರಬೇಕು. ಇಲ್ಲದಿದ್ದರೆ ಓದುಗರು ಪತ್ರಿಕೆ ಬದಲಾಯಿತೇನೋ ಅಂದುಕೊಳ್ಳುತ್ತಿದ್ದರು.

ವರ್ಷದ ಕೊನೆಯಲ್ಲಿ ಮಹಿಳೆಯರ ಟೆನಿಸ್‌ನ ದೊಡ್ಡ ಚಾಂಪಿಯನ್‌ಷಿಪ್ ಬರುತ್ತದಲ್ಲ, ವರ್ಷವಿಡೀ ಗೆದ್ದು ಗೆದ್ದು ಮೇಲೆ ಬಂದ ಎಂಟು ಮಂದಿ ಮಾತ್ರ ಆಡುವಂಥದ್ದು, ಅದರ ಮುನ್ನೋಟವೆಂದರೆ ಸಾಹೇಬರಿಗೆ ಮಗಳ ಮದುವೆಯಷ್ಟೇ ಸಂಭ್ರಮ. ಎಂಟೇ ಜನ, ಎಂಟು ಸಾಧ್ಯತೆ. ‘ಅಗ್ರ ಶ್ರೇಯಾಂಕದ ಆಟಗಾರ್ತಿ ಉತ್ತಮ ಲಯದಲ್ಲಿದ್ದಾರೆ. ಹಾಗೆಂದು ಎರಡನೆಯವರನ್ನು ಕಡೆಗಣಿಸುವಂತಿಲ್ಲ. ಮೂರನೆಯವರು ಅಚ್ಚರಿ ಮೂಡಿಸಿದರೆ ಅಚ್ಚರಿಯಿಲ್ಲ.’ ಹೀಗೆ ಎಂಟನೆಯವಳ ತನಕ ಒಬ್ಬೊಬ್ಬರಿಗೂ ಒಂದೊಂದು ತುತ್ತು. ಕೊನೆಗೆ ಯಾರು ಕಪ್ ಎತ್ತಿದರೂ ಸಾಹೇಬರು ಮೊದಲೇ ಹೇಳಿದ್ದರು! ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಬಹಳ ಮಂದಿ ಮಾಡುತ್ತಾರೆ, ಆ ಗೋಡೆಯ ಮೇಲೇ ಮನೆ ಕಟ್ಟಿಕೊಂಡು ಸಂಸಾರ ಮಾಡಿದವರು ಇವರೊಬ್ಬರೇ.

ಇದಕ್ಕೆ ಇನ್ನೊಂದು ಕೈಚಳಕವೂ ಇತ್ತು. ಮುನ್ನೋಟ ಅಚ್ಚಾದ ದಿನವೇ ಸಾಹೇಬರು ವಾರ್ಷಿಕ ರಜೆಯ ಮೇಲೆ ಹೋಗುತ್ತಿದ್ದರು. ಬೆನ್ನು ನೋವು, ಹಲ್ಲು ನೋವು, ಮನೆಗೆ ಸುಣ್ಣ ಬಣ್ಣ, ಏನಾದರೊಂದು. ಟೂರ್ನಿ ಮುಗಿಯುವ ತನಕ ಕಚೇರಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಟಿ.ವಿ. ಹಾಕುತ್ತಿರಲಿಲ್ಲ, ತಮ್ಮದೇ ಪತ್ರಿಕೆಯ ಕ್ರೀಡಾಪುಟವನ್ನು ಹೆಂಡತಿ ಕಪಾಟಿನ ಅಡಿಗೆ ಹಾಸುವ ತನಕ ಬಿಚ್ಚುತ್ತಿರಲಿಲ್ಲ. ಹೇಳುವುದು ನಮ್ಮ ಕೆಲಸ, ಆಗುವುದು ಅವರ ಹಣೆಬರಹ ಎಂಬುದು ಅವರ ಸಿದ್ಧಾಂತ. ಹಾಗಾಗಿ ಈ ಚಾಂಪಿಯನ್‌ಷಿಪ್ ಬಗ್ಗೆ ಇಷ್ಟೊಂದು ವರ್ಷ ಬರೆದೂ ಅದು ನಡೆಯುವುದನ್ನು ಅವರು ಒಂದು ದಿನವೂ ಕಂಡಿರಲಿಲ್ಲ. ಟೂರ್ನಿಯ ನಿಯಮ ಹೇಳುವ ಐದನೇ ಪ್ಯಾರಾವನ್ನು ಹಿಂದಿನ ವರ್ಷದ ಮುನ್ನೋಟದಿಂದ ಹಾಗೆಹಾಗೇ ಎತ್ತಿ ಈ ವರ್ಷದ್ದಕ್ಕೆ ಇಡುತ್ತಿದ್ದರು. ಅದಕ್ಕೂ ಹಿಂದಿನ ವರ್ಷ ಅದು ಅದಕ್ಕೂ ಹಿಂದಿನದರಿಂದ ಬಂದಿತ್ತು. ಮೊದಲು ಬರೆದ ಪುಣ್ಯಾತ್ಮ ಯಾರೋ, ಬದುಕಿದ್ದಾನೋ ಇಲ್ಲವೋ.

ಮನೆಯಲ್ಲೂ ಇದೇ ರಾಗ, ಇದೇ ತಾಳ. ಊಟಕ್ಕೆ ಕೂತಾಗ ಹೆಂಡತಿ, “ಉಪ್ಪು ಸರಿ ಇದೆಯೇನ್ರೀ?” ಅಂದರೆ, “ಕಡಿಮೆ ಅನ್ನೋ ಹಾಗಿಲ್ಲ” ಅನ್ನುವರು. “ಹಾಗಾದ್ರೆ ಜಾಸ್ತಿನಾ?” ಅಂದರೆ, “ಜಾಸ್ತಿ ಅಂತಲೂ ಹೇಳೋಕಾಗಲ್ಲ.” ಆ ಹೆಂಗಸು ಮದುವೆಯಾದ ಹೊಸದರಲ್ಲಿ ಅತ್ತಳು, ಆಮೇಲೆ ಬೈದಳು, ಆಮೇಲೆ ತಾನೇ ರುಚಿ ನೋಡಿಕೊಳ್ಳಲು ಕಲಿತಳು. ಆದರೂ ಕೇಳುವುದನ್ನು ಬಿಟ್ಟಿರಲಿಲ್ಲ. ಮಗಳು ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಕರೆತಂದು, “ಅಪ್ಪಾ, ಇವನು ನಿನಗೆ ಒಪ್ಪಿಗೆನಾ?” ಅಂದಾಗ ಸಾಹೇಬರು ಚಹಾ ಲೋಟ ಕೆಳಗಿಟ್ಟು, “ಹುಡುಗ ಭರವಸೆ ಮೂಡಿಸಿದ್ದಾನೆ” ಅಂದಿದ್ದರು. ಬಡಪಾಯಿ ಹುಡುಗ, ಇದು ಹೌದೋ ಅಲ್ಲವೋ ತಿಳಿಯದೆ, ಮಗಳ ಮುಖ ನೋಡಿದ. ಅವಳು, “ಅಪ್ಪ ಇದಕ್ಕಿಂತ ಜಾಸ್ತಿ ಹೇಳಲ್ಲ, ಮದುವೆ ಆಗೋಣ ಬಾ” ಅಂದಳು.

ಈ ಸಲ ಕಚೇರಿಗೆ ಹೊಸ ಸಂಪಾದಕಿ ಬಂದಳು. ಸಾಹೇಬರ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿದ್ದರೆ ಹೆಚ್ಚು. ಕುರ್ಚಿಯಲ್ಲಿ ಕೂರುವುದಕ್ಕಿಂತ ಬೇರೆಯವರ ಮೇಜಿನ ಅಂಚಿಗೆ ಒರಗಿ ನಿಲ್ಲುವುದೇ ಹೆಚ್ಚು. ಚಾಂಪಿಯನ್‌ಷಿಪ್‌ಗೆ ವಾರವಿರುವಾಗ ಸಾಹೇಬರ ರಜೆ ಅರ್ಜಿ ಹಿಡಿದುಕೊಂಡು ಬಂದು ಒರಗಿದಳು.

“ಸಾರ್, ಈ ಸಲ ರಜೆ ಇಲ್ಲ. ಮುನ್ನೋಟ ಬರೆದವರೇ ಕಪ್ ಎತ್ತೋ ತನಕ ಪುಟ ನೋಡ್ಕೋಬೇಕು.”

“ಬೆನ್ನು ಸ್ವಲ್ಪ…” ಅಂದರು ಸಾಹೇಬರು.

“ಬೆನ್ನು ಇರಬೇಕು ಅಂತಾನೇ ನಾನೂ ಹೇಳ್ತಿರೋದು. ನಿಮ್ಮ ಮುನ್ನೋಟ ಹತ್ತು ವರ್ಷದ್ದು ಓದಿದೆ. ಎಲ್ಲೂ ಒಂದು ಹೆಸರಿಲ್ಲ. ಈ ಸಲ ಶೀರ್ಷಿಕೆಯಲ್ಲೇ ಹೆಸರು ಬೇಕು. ಇವಳೇ ಗೆಲ್ತಾಳೆ ಅಂತ. ಒಬ್ಬಳು. ಒಂದೇ ಹೆಸರು.”

“ಅಕಸ್ಮಾತ್ ತಪ್ಪಿದ್ರೆ ಮೇಡಂ?”

“ತಪ್ಪಲಿ ಸಾರ್. ಸರಿಯೋ ತಪ್ಪೋ ನಂಗೆ ಬೇಡ. ಹೇಳಿದ ಮಾತಿನ ಪಕ್ಕ ನಿಂತ್ಕೊಳ್ಳಿ, ಅಷ್ಟು ಸಾಕು. ನಿಂತ್ಕೊಂಡ್ರೆ ನಿವೃತ್ತಿ ಆದ್ಮೇಲೂ ಅಂಕಣ ನಿಮ್ಮದೇ, ಫೋಟೋ ಸಮೇತ. ಇಲ್ಲಾಂದ್ರೆ ಅಂಕಣ ಅವಳಿಗೆ.” ಅಂದು ಎದುರು ಮೇಜಿನವಳ ಕಡೆ ಕತ್ತು ತಿರುಗಿಸಿದಳು. ಎದುರು ಮೇಜಿನವಳು ಕ್ರೀಡಾಪುಟದ ಉಪಸಂಪಾದಕಿ. ದಿನಾ ಬೆಳಿಗ್ಗೆ ಪಾರ್ಕಿನ ಕೋರ್ಟಿನಲ್ಲಿ ಆಡಿ, ಒದ್ದೆ ತಲೆಯಲ್ಲೇ ಕೆಲಸಕ್ಕೆ ಬರುತ್ತಿದ್ದವಳು. ಅವಳು ಏನೂ ಕೇಳಿಸದವಳ ಹಾಗೆ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದಳು.

ಸಾಹೇಬರ ಕಿವಿಗೆ ಬಿದ್ದದ್ದು ಎರಡೇ ಮಾತು: ಹೆಸರು, ಅಂಕಣ. ನಡುವೆ ಇದ್ದ ‘ನಿಂತ್ಕೊಳ್ಳಿ’ ಎಂಬುದು ನೀರಿನ ಕ್ಯಾನಿನ ಗುಳುಗುಳು ಸದ್ದಿನಲ್ಲಿ ಎಲ್ಲಿಗೋ ಹೋಯಿತು.

ಅಂಕಣ ಹೋದರೆ ಉಳಿಯುವುದೇನು ಹೇಳಿ? ನಿವೃತ್ತಿಗೆ ಹೆಚ್ಚು ಕಾಲವಿರಲಿಲ್ಲ. ಕ್ಷೌರದಂಗಡಿಯಲ್ಲಿ ಸರದಿ ತಪ್ಪಿಸಿ ಕೂರಿಸುತ್ತಿದ್ದದ್ದು ಆ ಫೋಟೋ ನೋಡಿ. ಮೇಲಿನ ಮನೆಯ ವಕೀಲರು ಮೆಟ್ಟಿಲಲ್ಲಿ ಸಿಕ್ಕಾಗ ನಮಸ್ಕಾರ ಹೇಳುತ್ತಿದ್ದದ್ದು ಆ ಫೋಟೋಗೆ. ಅದಿಲ್ಲದ ಸಾಹೇಬರು ಯಾರು? ಮೊಣಕಾಲು ಹಿಡಿದುಕೊಂಡು ಔಷಧಿ ಅಂಗಡಿಗೆ ಹೋಗುವ ಇನ್ನೊಬ್ಬ ಮುದುಕ, ಅಷ್ಟೇ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ವಾರ ನಿದ್ದೆ ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು, ಊರೆಲ್ಲ ಕೇಳಿದರು. ಕ್ಷೌರದವನು ಅಗ್ರ ಶ್ರೇಯಾಂಕದ ಉದ್ದನೆಯವಳೇ ಅಂದ. ವಕೀಲರು ಎರಡೂ ಕಡೆಗೂ ವಾದ ಮಾಡಿ ತೋರಿಸಿದರು. ಹೆಂಡತಿ ಮಾತ್ರ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಗದರಿದಳು: “ಅಲ್ರೀ, ಯಾರನ್ನೋ ಯಾಕೆ ಕೇಳ್ತೀರಿ? ನಿಮಗೆ ಯಾರು ಅನ್ಸುತ್ತೆ? ಈ ಜನ್ಮದಲ್ಲಿ ಒಂದು ಸಲ, ಒಂದೇ ಒಂದು ಸಲ, ‘ಹೌದು’ ಅಂದುಬಿಡಿ, ನಾನೂ ನೋಡ್ತೀನಿ.”

ಆಗ ಸಾಹೇಬರು ಹುಟ್ಟಿದಂದಿನಿಂದ ಮಾಡದ ಕೆಲಸವೊಂದನ್ನು ಮಾಡಿದರು. ಟೆನಿಸ್ ನೋಡಿದರು! ಮಧ್ಯಾಹ್ನ ಕಚೇರಿ ಖಾಲಿ ಇರುವಾಗ, ಎಂಟೂ ಜನರ ಆ ವರ್ಷದ ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಬಿಸ್ಕತ್ತು ಚಹಾದಲ್ಲಿ ಕರಗಿ ಮುಳುಗಿದ್ದೂ ತಿಳಿಯದೆ ನೋಡಿದರು. ಅದರಲ್ಲಿ ಏಳನೇ ಶ್ರೇಯಾಂಕದ ಎಡಗೈಯವಳೊಬ್ಬಳಿದ್ದಳು. ಸೋಲಿನ ಅಂಚಿನಲ್ಲಿ ನಿಂತಿದ್ದಾಗ ಅವಳ ರ‍್ಯಾಕೆಟ್ಟಿನ ತಂತಿ ಪಟ್ಟನೆ ಹರಿಯಿತು. ಪಾಯಿಂಟೂ ಹೋಯಿತು. ಬೇರೆಯವಳಾಗಿದ್ದರೆ ರ‍್ಯಾಕೆಟ್ಟನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಇವಳು ಹರಿದ ತಂತಿಯ ಸಂದಿಯಿಂದ ಎದುರಾಳಿಯನ್ನು ಇಣುಕಿ ನೋಡಿ ಪಕ್ಕನೆ ನಕ್ಕಳು. ಚೀಲದಿಂದ ಇನ್ನೊಂದು ತೆಗೆದಳು, ಬಂದಳು, ಆ ಪಂದ್ಯ ಗೆದ್ದಳು. ಸಾಹೇಬರ ಎದೆಯೊಳಗೆ ಏನೋ ಬೆಚ್ಚಗಾಯಿತು. “ಇವಳೇ!” ಅಂದರು, ಜೋರಾಗಿ, ಖಾಲಿ ಕಚೇರಿಯಲ್ಲಿ. ಅಂದವರೇ ಗಾಬರಿಯಾಗಿ ಹಿಂದೆ ಮುಂದೆ ನೋಡಿದರು. ಯಾರೂ ಇರಲಿಲ್ಲ.

ಮರುದಿನದ ಮುನ್ನೋಟಕ್ಕೆ ‘ಕಿರೀಟ ಎಡಗೈಯವಳಿಗೇ’ ಎಂದು ಶೀರ್ಷಿಕೆ. ಎಂಟರಲ್ಲಿ ಎಡಗೈಯವಳು ಒಬ್ಬಳೇ, ಹೆಸರೆಂದರೂ ಅದೇ. ಒಳಗೆ ಒಂದು ಸಾಧ್ಯತೆಯೂ ಇಲ್ಲ, ಒಂದು ಅಲ್ಲಗಳೆಯುವಂತಿಲ್ಲವೂ ಇಲ್ಲ. ಹರಿದ ತಂತಿಯ ನಗು, ಎಡಗೈ ಸರ್ವ್ ಒಳಕ್ಕೆ ತಿರುಗುವ ಬಗೆ, ಎಲ್ಲವನ್ನೂ ಮನಸಾರೆ ಬರೆದಿದ್ದರು. ಐದನೇ ಪ್ಯಾರಾ ಮಾತ್ರ ಮಾಮೂಲಿನಂತೆ ಹಿಂದಿನ ವರ್ಷದ್ದು, ಎತ್ತಿಟ್ಟದ್ದು. ಸಂಪಾದಕಿ ಓದಿ, “ಅಬ್ಬಾ, ಸಾರ್! ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ?” ಅಂದಳು. ಎದುರು ಮೇಜಿನವಳು ಎದ್ದು ಬಂದು ಕೈ ಕುಲುಕಿದಳು.

ಆಮೇಲಿನ ಒಂದು ದಿನ ಸಾಹೇಬರ ಬದುಕಿನ ವೈಭವದ ದಿನ. ಕ್ಷೌರದವನು, “ಏಳನೆಯವಳಾ? ಏನ್ ಧೈರ್ಯ ಸಾರ್ ನಿಮ್ದು!” ಅಂದ. ವಕೀಲರು ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮನೆಗೆ ಬಂದರೆ ಹೆಂಡತಿ ಆ ಮುನ್ನೋಟವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅಷ್ಟು ವರ್ಷದ ಅಂಕಣದಲ್ಲಿ ಕಪಾಟಿನ ಅಡಿಗೆ ಹೋಗದೆ ಉಳಿದ ಮೊದಲ ಕಾಗದ ಅದು. ಊಟಕ್ಕೆ ಬಡಿಸುತ್ತ ಕೇಳಿದಳು, “ಉಪ್ಪು?”

“ಕಡಿಮೆ” ಅಂದರು ಸಾಹೇಬರು.

ಬಡಿಸುವ ಕೈ ಅಲ್ಲೇ ನಿಂತಿತು. ಆ ಹೆಂಗಸಿನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಂಬುವುದಿಲ್ಲ.

ಮೊದಲ ದಿನದ ಪಂದ್ಯ ಸಂಜೆಗೆ. ಸಾಹೇಬರು ಪುಟದ ಮುಂದೆ ಕೂತಿದ್ದರು. ಎದುರು ಮೇಜಿನವಳಿಗೆ ಅಂದು ವಾರದ ರಜೆ. ಸುದ್ದಿಸಂಸ್ಥೆಯಿಂದ ಎರಡು ಸಾಲು ಬಂತು: ಎಡಗೈಯವಳು ಅಗ್ರ ಶ್ರೇಯಾಂಕದವಳ ಎದುರು ನೇರ ಸೆಟ್‌ಗಳಲ್ಲಿ ಸೋತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಎರಡೂ ಒಟ್ಟಿಗೇ ಆದ ಹಾಗಾಯಿತು. ಸೋತವರು ಗಂಟುಮೂಟೆ ಕಟ್ಟಿ ಮನೆಗೆ ಹೋಗುತ್ತಾರೆ, ಇದು ಸಾಹೇಬರು ಬಲ್ಲ ಟೆನಿಸ್. ಅಂದರೆ ಅಂಕಣ ಹೋಯಿತು, ಫೋಟೋ ಹೋಯಿತು, ಕ್ಷೌರದಂಗಡಿಯ ಸರದಿ ಹೋಯಿತು. ನಾಳೆ ಊರೇ ನಗುತ್ತದೆ. ಅದಕ್ಕೆ ಮೊದಲು ತಾನೇ ನಕ್ಕುಬಿಟ್ಟರೆ?

ಹಾಗೆ ಹೊಳೆದದ್ದೇ ತಡ, ಸಾಹೇಬರ ಬೆರಳುಗಳಿಗೆ ಎಲ್ಲಿಲ್ಲದ ಚುರುಕು ಬಂತು. ‘ನಿರೀಕ್ಷೆಯಂತೆ ನಿರ್ಗಮನ’ ಎಂದು ಶೀರ್ಷಿಕೆ ಕೊಟ್ಟರು. ‘ಎಡಗೈ ಆಟಗಾರ್ತಿ ಮೊದಲ ಪಂದ್ಯದಲ್ಲೇ ಸೋತು ಟೂರ್ನಿಯಿಂದ ಹೊರಬಿದ್ದರು. ಈ ಅಂಕಣಕಾರನಿಗೆ ಆಕೆಯ ಸಾಮರ್ಥ್ಯದ ಬಗ್ಗೆ ಆರಂಭದಿಂದಲೂ ಶಂಕೆ ಇತ್ತು. ಪಂದ್ಯದ ನಡುವೆ ನಗುವ ಚಟ ಗಂಭೀರ ಆಟಕ್ಕೆ ಹೇಳಿಸಿದ್ದಲ್ಲ. ಶೀರ್ಷಿಕೆಯಲ್ಲಿ ಹೆಸರು ಹಾಕಬೇಕೆಂಬ ಒತ್ತಾಯ ಮೇಲಿನಿಂದ ಇತ್ತೆಂಬುದನ್ನೂ ಓದುಗರು ಗಮನಿಸಬೇಕು.’ ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯಾದವಳು ಸಂಪಾದಕಿ. ರಾತ್ರಿಪಾಳಿಯಲ್ಲಿ ಕ್ರೀಡಾಪುಟಕ್ಕೆ ಸಾಹೇಬರ ಮಾತೇ ಕೊನೆ, ಪುಟ ಹೋಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂದುಕೊಂಡು ಸಾಹೇಬರು ಮನೆಗೆ ಬಂದು, ವಾರದಲ್ಲಿ ಮೊದಲ ಬಾರಿಗೆ ಗೊರಕೆ ಹೊಡೆದರು.

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಸಂಪಾದಕಿಯ ಫೋನು.

“ಸಾರ್, ನಿಮ್ಮ ಮುನ್ನೋಟ ಓದಿದ್ರಾ?”

“ಬರೆದವನೇ ನಾನಲ್ವಾ ಮೇಡಂ.”

“ಬರೆದಿದ್ದು ಗೊತ್ತು. ಓದಿದ್ರಾ ಅಂತ ಕೇಳ್ತಿದೀನಿ. ಐದನೇ ಪ್ಯಾರಾ ಓದಿ, ನಾನು ಕಾಯ್ತೀನಿ.”

ಸಾಹೇಬರು ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಫ್ರಿಜ್ಜಿನ ಮುಂದೆ ನಿಂತು ಓದಿದರು. ‘ಎಂಟು ಆಟಗಾರ್ತಿಯರನ್ನು ತಲಾ ನಾಲ್ವರ ಎರಡು ಗುಂಪುಗಳಾಗಿ ಮಾಡಲಾಗಿದೆ. ಪ್ರತಿಯೊಬ್ಬರೂ ತಮ್ಮ ಗುಂಪಿನ ಉಳಿದ ಮೂವರ ವಿರುದ್ಧವೂ ಆಡಲಿದ್ದು, ಪ್ರತಿ ಗುಂಪಿನ ಮೊದಲ ಇಬ್ಬರು ಸೆಮಿಫೈನಲ್ ತಲುಪುವರು.’ ಎಷ್ಟೋ ವರ್ಷಗಳಿಂದ ಅವರದೇ ಫೋಟೋ ಕೆಳಗೆ ಅಚ್ಚಾಗುತ್ತಿದ್ದ ಮಾತು! ಒಂದು ಸೋತರೆ ಯಾರೂ ಮನೆಗೆ ಹೋಗುವುದಿಲ್ಲ. ಇನ್ನೂ ಎರಡು ಬಾಕಿ. ಟೂತ್‌ಪೇಸ್ಟಿನ ನೊರೆ ಗಲ್ಲದಿಂದ ಇಳಿದು ಬನಿಯನ್ನಿಗೆ ಬಿತ್ತು. ಇಂಗು ತಿಂದ ಮಂಗನ ಮುಖವೂ ಅದಕ್ಕಿಂತ ವಾಸಿ.

“ಓದುಗರು ಬೆಳಿಗ್ಗೆಯಿಂದ ಫೋನ್ ಮಾಡಿ ನಗ್ತಿದಾರೆ” ಅಂದಳು ಸಂಪಾದಕಿ. ಆಶ್ಚರ್ಯವೆಂದರೆ ದನಿಯಲ್ಲಿ ಸಿಟ್ಟಿರಲಿಲ್ಲ. “ನಗಲಿ ಬಿಡಿ. ನಾಳೆಗೆ ತಿದ್ದುಪಡಿ ಹಾಕೋಣ. ಅದರ ಜೊತೆ ನೀವು ನಾಲ್ಕೇ ಸಾಲು ಬರೀರಿ. ನಿನ್ನೆ ಹೆದರ್ಕೊಂಡೆ, ಈಗಲೂ ನಾನು ಆ ಹುಡುಗಿ ಕಡೆಗೇ ಅಂತ. ಅಂಕಣ ನಿಮ್ಮದೇ ಇರುತ್ತೆ. ಆಯ್ತಾ ಸಾರ್?”

ಇದಕ್ಕಿಂತ ಹೆಚ್ಚು ಯಾರು ಕೊಡುತ್ತಾರೆ ಹೇಳಿ? ನಾಲ್ಕು ಸಾಲು! ಸಾಹೇಬರು ಮಧ್ಯಾಹ್ನವೆಲ್ಲ ಕೂತರು. ‘ಈಗಲೂ ನಾನು’ ಎಂದು ಬರೆದರು, ಅಳಿಸಿದರು. ಅವಳು ಮತ್ತೆ ಸೋತರೆ? ಎರಡನೇ ಸಲ ನಗೆಪಾಟಲಾದರೆ? ಮತ್ತೆ ಬರೆದರು, ಮತ್ತೆ ಅಳಿಸಿದರು. ಎದುರು ಮೇಜಿನವಳಿಗೆ ನೋಡಲಾಗಲಿಲ್ಲ. “ಸಾರ್, ನಿಮಗೆ ಅವಳ ಮೇಲೆ ನಂಬಿಕೆ ಇದೆ ತಾನೆ? ಆ ತಂತಿ ಹರಿದಿದ್ದು ಎಷ್ಟು ಚೆನ್ನಾಗಿ ಬರೆದಿದ್ರಿ. ನಾನೂ ಎಷ್ಟೋ ಸಲ ಆಡಿದೀನಿ, ನನಗೆ ಹಾಗೆ ಬರಿಯೋಕೆ ಬರಲ್ಲ. ಬರೆದುಬಿಡಿ” ಅಂದಳು. ತನಗೇ ಸಿಗಬಹುದಾದ ಅಂಕಣವನ್ನು ಅವಳೇ ಅವರ ಕೈಗೆ ತಳ್ಳುತ್ತಿದ್ದಳು.

ಸಂಜೆ ಸಾಹೇಬರು ಕೊಟ್ಟ ನಾಲ್ಕು ಸಾಲು ಹೀಗಿತ್ತು: ‘ಎಡಗೈ ಆಟಗಾರ್ತಿಯ ಮುನ್ನಡೆಯ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಹಾಗೆಂದು ನಿರ್ಗಮನದ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಉಳಿದವರನ್ನು ಕಡೆಗಣಿಸುವಂತಿಲ್ಲ. ಕಾದು ನೋಡಬೇಕಿದೆ.’

ಸಂಪಾದಕಿ ಓದಿದಳು. ಮೇಜಿಗೆ ಒರಗಲಿಲ್ಲ. “ಆಯ್ತು ಸಾರ್. ಫೈನಲ್ ಮುನ್ನೋಟ ಅವಳು ಬರೀತಾಳೆ” ಅಂದು ಎದುರು ಮೇಜಿನ ಕಡೆ ಕತ್ತು ತಿರುಗಿಸಿ ಹೊರಟುಹೋದಳು.

ಎರಡನೇ ಪಂದ್ಯದ ದಿನ ಸಾಹೇಬರು ಬೆನ್ನು ನೋವೆಂದು ರಜೆ ಹಾಕಿ ಮನೆಯ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಹೊರಗಿಂದ ಹೆಂಡತಿ ಕೂಗಿದಳು. “ರೀ, ಬನ್ನಿ ಇಲ್ಲಿ! ನೀವು ಮನೆಗೆ ಕಳಿಸಿದವಳು ಇಲ್ಲೇ ಆಡ್ತಿದಾಳೆ!” ಎಡಗೈಯವಳು ಗೆದ್ದಳು. ಮೂರನೆಯದನ್ನೂ ಗೆದ್ದಳು. ಸೆಮಿಫೈನಲ್‌ನಲ್ಲಿ ಮೊದಲ ಸೆಟ್ ಸೋತು, ನಕ್ಕು, ಉಳಿದೆರಡನ್ನು ಗೆದ್ದಳು. ಹೆಂಡತಿ ಒಂದನ್ನೂ ಬಿಡದೆ ನೋಡಿದಳು. ಗುಂಪು ಅಂದರೇನು, ಟೈಬ್ರೇಕ್ ಅಂದರೇನು ಎಲ್ಲ ಅವಳಿಗೆ ಈಗ ಬಾಯಿಪಾಠ. ಸಾಹೇಬರು ಬಾಗಿಲ ಸಂದಿಯಲ್ಲಿ ನಿಂತು, ತಮ್ಮದೇ ಮಾತು ದಿನದಿನಕ್ಕೆ ನಿಜವಾಗುವುದನ್ನು ಕಳ್ಳನ ಹಾಗೆ ನೋಡಿದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಆಡಿದ ಮಾತು, ಸರಿಯಾದದ್ದು, ಪೂರ್ತಿ ಸ್ವಂತದ್ದು. ಅದನ್ನು ತಾವೇ ಬೀದಿಗೆ ಬಿಸಾಕಿ ಬಂದಿದ್ದರು.

ಫೈನಲ್ ಭಾನುವಾರ ಬೆಳಿಗ್ಗೆ. ಅಂದಿನ ಪತ್ರಿಕೆಯಲ್ಲಿ ‘ಮುನ್ನೋಟ’ದ ಮೇಲೆ ಒದ್ದೆ ತಲೆಯ ಹುಡುಗಿಯ ಫೋಟೋ ಇತ್ತು. ಮಗಳೂ ಅಳಿಯನೂ ಬಂದಿದ್ದರು. ಎದುರಾಳಿ ಅದೇ ಅಗ್ರ ಶ್ರೇಯಾಂಕದ ಉದ್ದನೆಯವಳು. ಎರಡು ಗಂಟೆಯ ಮೇಲೆ ಹೊಡೆದಾಡಿ ಎಡಗೈಯವಳು ಗೆದ್ದಳು. ಮನೆ ಮಂದಿಯೆಲ್ಲ ಕುಣಿದರು. ಸಾಹೇಬರಿಗೂ ತಡೆಯಲಾಗಲಿಲ್ಲ, ಕುರ್ಚಿಯಿಂದ ಎದ್ದು, “ನೋಡಿದ್ರಾ? ನಾನೇ ಮೊದಲು ಹೇಳಿದ್ದು!” ಅಂದುಬಿಟ್ಟರು.

ಅಳಿಯ ಪಾಪ ಚಪ್ಪಾಳೆ ತಟ್ಟಲು ಕೈ ಎತ್ತಿದ. ಮಗಳು ಮೊಣಕೈಯಲ್ಲಿ ತಿವಿದಳು. ಹೆಂಡತಿ ಟಿ.ವಿ.ಯಿಂದ ಕಣ್ಣು ತೆಗೆಯದೆಯೇ ಹೇಳಿದಳು:

“ಹೌದು. ಮೊದಲು ಹೇಳಿದ್ದೂ ನೀವೇ, ಮೊದಲು ಬಿಟ್ಟಿದ್ದೂ ನೀವೇ.”

ಟಿ.ವಿ.ಯಲ್ಲಿ ಎಡಗೈಯವಳು ಕಪ್ ಅಪ್ಪಿಕೊಂಡು ಮಾತಾಡುತ್ತಿದ್ದಳು. ಮೊದಲ ದಿನ ಸೋತಾಗ ಎಲ್ಲರೂ ಮುಗಿಯಿತು ಅಂದಿರಿ, ಆಗಲೂ ನನ್ನ ಕೈ ಬಿಡದವರಿಗೆ ಇದು ಎಂದಳು. ಸಾಹೇಬರು ಕಣ್ಣು ಒರೆಸಿಕೊಂಡರು.

“ನಿಮಗಲ್ಲ ರೀ, ಅದು” ಅಂದಳು ಹೆಂಡತಿ, ಮೆತ್ತಗೆ.

ಫ್ರಿಜ್ಜಿನ ಬಾಗಿಲಲ್ಲಿ ಅಂಟಿನ ನಾಲ್ಕು ಗುರುತು ಮಾತ್ರ ಉಳಿದಿದ್ದವು. ಯಾವಾಗ ಕಿತ್ತಳೋ, ಸಾಹೇಬರು ಕೇಳಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಹೆಂಡತಿ ಮಗಳನ್ನು ಕೇಳಿದಳು ಉಪ್ಪು ಸರಿ ಇದೆಯಾ ಎಂದು, ಅಳಿಯನನ್ನು ಕೇಳಿದಳು. ಸಾಹೇಬರ ತಟ್ಟೆಗೂ ಬಡಿಸಿದಳು. ಉಪ್ಪು ಜಾಸ್ತಿಯಾಗಿತ್ತು. ಸಾಹೇಬರಿಗೆ ಅದು ಖಂಡಿತವಾಗಿ ಗೊತ್ತಾಯಿತು, ಹೇಳಲು ಬಾಯನ್ನೂ ತೆರೆದರು. ಅಷ್ಟರಲ್ಲಿ ಅವಳು ಕೇಳದೆಯೇ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.